ಕಾಗದದ ಮೇಲೆ ಬರೀ ಚಹಾದವರು

ಬಲಗೈಯ ಐದು ಬೆರಳುಗಳ ಸಂದಿಯಲ್ಲಿ ನಾಲ್ಕು ಗಾಜಿನ ಲೋಟ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಹಬೆಯಾಡುವ ಕೆಟಲ್ ಹಿಡಿದು, ಮೊಣಕೈಯಿಂದ ಬಾಗಿಲು ತಳ್ಳಿ ಅವರು ಒಳಗೆ ಬರುತ್ತಿದ್ದರು. ತಟ್ಟೆ ಹಿಡಿದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ವರ್ಷಾನುಗಟ್ಟಲೆ ಬಿಸಿ ಪಾತ್ರೆ ಹಿಡಿದು ಹಿಡಿದು ಅವರ ಬೆರಳ ತುದಿಗಳು ನುಣ್ಣಗಾಗಿ ಹೊಳೆಯುತ್ತಿದ್ದವು, ಗೆರೆಗಳೇ ಉಳಿದಿರಲಿಲ್ಲ. ಬೆಳಿಗ್ಗೆ ಹಾಜರಿಯ ಯಂತ್ರದ ಮೇಲೆ ಬೆರಳಿಟ್ಟರೆ ಅದು ಕೆಂಪು ದೀಪ ಹೊತ್ತಿಸಿ ಕಿರ್ರೆನ್ನುತ್ತಿತ್ತು. ಕಾವಲುಗಾರ ನಕ್ಕು, ಪುಸ್ತಕದಲ್ಲಿ ಕೈಯಿಂದ ಬರೆದುಕೊಳ್ಳುತ್ತಿದ್ದ.

ಕ್ಲಿನಿಕ್ಕಿನ ಕರಾವಳಿಯ ನರ್ಸುಗಳು ಅವರನ್ನು ಅಣ್ಣ ಎನ್ನುತ್ತಿದ್ದರು. ಹಾಗಾಗಿ ಮೈಸೂರಿನ ನನಗೂ ಅವರು ಅಣ್ಣನೇ ಆದರು. ರೋಗಿಗಳಿಗೆ ರಫೀಕ್. ಆಡಳಿತ ಕಚೇರಿಯವರಿಗೆ ಮಾತ್ರ 'ಬಾಯ್'. ಅರವತ್ತಕ್ಕೆ ಎರಡು ಮೂರು ವರ್ಷ ಕಡಿಮೆಯಿದ್ದ, ಮೊಮ್ಮಗಳ ಫೋಟೋ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ ಮನುಷ್ಯನನ್ನು ಇಪ್ಪತ್ತೈದರ ಗುಮಾಸ್ತನೊಬ್ಬ "ಬಾಯ್, ಚಾಯ್!" ಎಂದು ಕೂಗಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ನೀವೇಕೆ ಸುಮ್ಮನಿರುತ್ತೀರಿ ಎಂದು ಒಮ್ಮೆ ಕೇಳಿದೆ.

"ಅವನಿಗೆ ಕಣ್ಣು ಕಾಣುದಿಲ್ಲ ಮಾರಾಯ್ರೆ, ಪಾಪ. ಕನ್ನಡಕ ಮಾಡಿಸ್ಲಿಕ್ಕೆ ಹೇಳಿ," ಎಂದರು.

ಹೀಗೆ ಉರಿದುಕೊಳ್ಳುತ್ತಿದ್ದ ನಾನೇ ಅವರಿಗೆ ಆ ಗುಮಾಸ್ತನಿಗಿಂತ ದೊಡ್ಡ ಅನ್ಯಾಯ ಮಾಡಿದೆ. ಅದನ್ನು ಬಚ್ಚಿಟ್ಟುಕೊಂಡು ಬರೀ ಅವರ ಒಳ್ಳೆಯತನ ಹೊಗಳುತ್ತಾ ಕೂತರೆ ಅದು ಎರಡನೇ ಅನ್ಯಾಯವಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಗಂಡನ ಕೆಲಸದ ಬೆನ್ನಿಗೆ ಕುವೈತಿಗೆ ಬಂದವಳು ನಾನು. ಮನಶ್ಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿದಿತ್ತು. ಅದಾದ ಮೇಲೆ ಮಾಡಬೇಕಾದ ಒಂದು ವರ್ಷದ ತರಬೇತಿಗೆ ಬ್ನೇದ್ ಅಲ್ ಗಾರ್‌ನ ಖಾಸಗಿ ಕ್ಲಿನಿಕ್ಕೊಂದರಲ್ಲಿ ಜಾಗ ಸಿಕ್ಕಿತು. ನಿವೃತ್ತ ಸೈನಿಕರು ಜ್ವರಕ್ಕೂ ಸಕ್ಕರೆ ಕಾಯಿಲೆಗೂ ಮೊದಲು ಬರುವ ಕ್ಲಿನಿಕ್ ಅದು. ನನ್ನ ವಿಷಯ ಆರೋಗ್ಯ ಮನಶ್ಶಾಸ್ತ್ರ. ಅಂದರೆ ಕಡಿಮೆಯಾಗದ ರಕ್ತದೊತ್ತಡ, ಬಿಡದ ಬೆನ್ನುನೋವು, ಬಾರದ ನಿದ್ದೆ, ನುಂಗದ ಮಾತ್ರೆ, ಇವುಗಳ ಹಿಂದೆ ಮನಸ್ಸು ಏನು ಮಾಡುತ್ತಿದೆ ಎಂದು ನೋಡುವುದು. ವೈದ್ಯರು ರೋಗಿಯನ್ನು ಪರೀಕ್ಷಿಸಿ, ಅಲ್ಲಿಂದಲೇ ಎಬ್ಬಿಸಿಕೊಂಡು ಪಕ್ಕದ ನನ್ನ ಕೋಣೆಗೆ ತಂದು ಕೂರಿಸುತ್ತಿದ್ದರು. ಇಪ್ಪತ್ತು ನಿಮಿಷ ನನ್ನ ಪಾಲು. ಮನಸ್ಸಿನ ಡಾಕ್ಟರ್ ಎಂಬ ಮಾತು ಎತ್ತುವಂತಿರಲಿಲ್ಲ. ಎತ್ತಿದರೆ ಆ ಮುದುಕ ಸೈನಿಕರು ಕೋಲು ಊರಿಕೊಂಡು ಎದ್ದೇ ಹೋಗುತ್ತಿದ್ದರು.

ನನಗೆ ಅರಬ್ಬಿ ಬರುತ್ತಿರಲಿಲ್ಲ. ಅದಕ್ಕೆ ಫೋನಿನಲ್ಲಿ ದುಭಾಷಿಯ ವ್ಯವಸ್ಥೆ ಮಾಡಿದ್ದರು. ಎಲ್ಲೋ ಬೇರೆ ದೇಶದಲ್ಲಿ ಕೂತ ಹೆಂಗಸೊಬ್ಬಳು ವಾರ್ತೆ ಓದುವ ಅರಬ್ಬಿಯಲ್ಲಿ, "ನಿಮ್ಮ ನಿದ್ರೆಯ ಗುಣಮಟ್ಟ ಹೇಗಿದೆ?" ಎಂದು ಮರುಭೂಮಿಯಲ್ಲಿ ಬಂದೂಕು ಹಿಡಿದು ನಿಂತಿದ್ದವರನ್ನು ಕೇಳುತ್ತಿದ್ದಳು! ಅವರು ಫೋನನ್ನೇ ದುರುಗುಟ್ಟಿ ನೋಡಿ, "ಅಲ್‌ಹಮ್ದುಲಿಲ್ಲಾ" ಎಂದು ಸುಮ್ಮನಾಗುತ್ತಿದ್ದರು. ದೇವರ ದಯೆ, ಚೆನ್ನಾಗಿದ್ದೇನೆ. ನಾನು ಅದನ್ನೇ ಬರೆದುಕೊಳ್ಳುತ್ತಿದ್ದೆ. ಮೊದಲ ತಿಂಗಳ ನನ್ನ ಟಿಪ್ಪಣಿ ಓದಿದರೆ ಕುವೈತಿನಲ್ಲಿ ಯಾರಿಗೂ ಯಾವ ಕಾಯಿಲೆಯೂ ಇಲ್ಲ ಎನಿಸಬೇಕು.

ಆಗ ಬಂದವರು ಆ ಹಿರಿಯ ಸೈನಿಕರು. ಎಪ್ಪತ್ತು ದಾಟಿದ ಎತ್ತರದ ಮನುಷ್ಯ, ಯುದ್ಧದಲ್ಲಿ ಸೆರೆ ಸಿಕ್ಕಿ ತಿಂಗಳುಗಟ್ಟಲೆ ಪರದೇಶದ ಬಂದೀಖಾನೆಯಲ್ಲಿ ಕಳೆದು ಬಂದವರು. ಸಕ್ಕರೆ ಕಾಯಿಲೆ ಕೈಮೀರಿತ್ತು. ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಯಾಕೋ ನಿಲ್ಲಿಸಿಬಿಟ್ಟಿದ್ದರು. ಹೀಗೇ ಬಿಟ್ಟರೆ ಕಾಲು ಉಳಿಯುವುದಿಲ್ಲ ಎಂದು ವೈದ್ಯರು ನನಗೆ ಒಪ್ಪಿಸಿದರು. ಫೋನಿನ ಹೆಂಗಸನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಆದ್ದರಿಂದ ಫೋನು ಇಟ್ಟುಬಿಟ್ಟು ನಾನು ಕಲಿತಿದ್ದ ನಾಲ್ಕು ಮಾತಿನಲ್ಲೇ ಏನು ತೊಂದರೆ ಎಂದು ಕೇಳಿದೆ. ಅವರು ಎದೆಯ ಮೇಲೆ ಅಂಗೈ ಇಟ್ಟು "ಮಾ ಲೀ ನಫ್ಸ್" ಎಂದರು.

ನಫಸ್! ನನಗೆ ಗೊತ್ತಿದ್ದ ಪದ. ಉಸಿರು. ಕ್ಲಿನಿಕ್ಕಿನ ಗೋಡೆಯ ಮೇಲಿನ ಪಟ್ಟಿಯಲ್ಲೇ ಇತ್ತು. ಕೈ ಬೇರೆ ಎದೆಯ ಮೇಲಿದೆ. ಉಸಿರಾಟದ ತೊಂದರೆ ಎಂದು ಬರೆದೆ. ಅವರನ್ನು ಎದೆಯ ತಜ್ಞರಲ್ಲಿಗೆ ಕಳಿಸಿದರು, ಎಕ್ಸ್‌ರೇ ತೆಗೆದರು, ಬಾಯಿಗೆ ಕೊಳವೆ ಕೊಟ್ಟು ಊದಿಸಿದರು, ಕೊನೆಗೆ ಕೈಗೊಂದು ಇನ್ಹೇಲರ್ ಕೊಟ್ಟರು. ಮೂರು ವಾರ ಆ ಮನುಷ್ಯ ವಿಧೇಯ ಸಿಪಾಯಿಯಂತೆ ಅದನ್ನು ಎಳೆದುಕೊಂಡರು. ಸಕ್ಕರೆ ಮಾತ್ರ ಏರುತ್ತಲೇ ಇತ್ತು. ಮತ್ತೆ ಬಂದರು, ಅಣ್ಣ ಚಹಾ ಇಡುತ್ತಿದ್ದ ಹೊತ್ತಿಗೆ ಮತ್ತೆ ಅದನ್ನೇ ಹೇಳಿದರು. ನಾನು ಇನ್ಹೇಲರ್ ಸರಿಯಾಗಿ ಹಿಡಿಯುವುದು ಹೇಗೆಂದು ತೋರಿಸಿಕೊಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅವತ್ತು ಅವರು ಎದ್ದುಹೋದ ಮೇಲೆ ಲೋಟ ಎತ್ತಲು ಬಂದ ಅಣ್ಣ ಬಾಗಿಲ ಬಳಿ ನಿಂತೇ ಇದ್ದರು.

"ಮೇಡಮ್, ಒಂದು ಮಾತು ಹೇಳ್ತೇನೆ. ಬೇಜಾರು ಮಾಡ್ಲಿಕ್ಕಿಲ್ಲ."

"ಹೇಳಿ ಅಣ್ಣ."

"ಅವರಿಗೆ ಉಸಿರಿಗೆ ಎಂತ ಆಗ್ಲಿಲ್ಲ. ಅವರು ನಫಸ್ ಅನ್ಲಿಲ್ಲ, ನಫ್ಸ್ ಅಂದ್ರು. ಫಕ್ಕನೆ ಹೇಳ್ಬೇಕು, ನಡುವೆ ನಿಲ್ಲಿಕ್ಕಿಲ್ಲ. ಅದು ಉಸಿರಲ್ಲ, ಮನಸ್ಸು. ಊಟ ಬೇಡ, ಎಂತದೂ ಬೇಡ, ಯಾವುದಕ್ಕೂ ಮನಸ್ಸಿಲ್ಲ ಅಂತ."

ನಾನು ಟಿಪ್ಪಣಿ ತೆರೆದು, ಉಸಿರಾಟದ ತೊಂದರೆ ಎಂದು ಬರೆದಿದ್ದ ಸಾಲು ನೋಡಿದೆ.

"ನಾವೆಲ್ಲ ಹಾಗೇ ಅಲ್ವಾ ಮೇಡಮ್? ಎರಡು ಅಕ್ಷರ ಒಟ್ಟಿಗೆ ಸಿಕ್ಕಿದ್ರೆ ನಡುವೆ ಒಂದು ಅ ತುರುಕದೆ ನಮ್ಮ ನಾಲಿಗೆಗೆ ಸಮಾಧಾನ ಇಲ್ಲ. ಫಿಲ್ಮ್ ಅಂದ್ರೆ ಫಿಲಂ ಅಂತೇವೆ. ಫಿಲಂ ಅಂದ್ರೆ ಯಾರಿಗೂ ಎಂತ ಆಗುದಿಲ್ಲ. ಇಲ್ಲಿ ಮನುಷ್ಯನ ಕಾಲು ಹೋಗ್ತದೆ."

ಮೈಸೂರಿನಲ್ಲಿ ಆರು ವರ್ಷ ಸಂಶೋಧನೆ ಮಾಡಿ ಪ್ರಬಂಧ ಬರೆದಿದ್ದ ನನಗೆ ಚಹಾ ಲೋಟ ಎತ್ತಲು ಬಂದವರು ಒಂದು ನಿಮಿಷದಲ್ಲಿ ನನ್ನ ವಿದ್ಯೆಯ ಅಡಿಪಾಯ ಹೇಳಿಕೊಟ್ಟರು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಇಷ್ಟು ದಿನ ಇವರೆಲ್ಲಿದ್ದರು ಎಂದು ಆಶ್ಚರ್ಯವಾಯಿತು. ಎಲ್ಲೂ ಹೋಗಿರಲಿಲ್ಲ, ದಿನಕ್ಕೆ ಎಂಟು ಸಲ ನನ್ನ ಎದುರೇ ಬಂದು ಹೋಗುತ್ತಿದ್ದರು.

ಉಡುಪಿಯ ಕಡೆಯವರು ಅವರು. ಇಪ್ಪತ್ತೆರಡನೇ ವಯಸ್ಸಿಗೆ ಬಂದು, ಇಲ್ಲಿನ ಸೇನೆಯ ಕ್ಯಾಂಪೊಂದರ ಮೆಸ್ಸಿನಲ್ಲಿ ಬಹಳ ವರ್ಷ ಅಡುಗೆ ಮಾಡಿದ್ದರು. ಸೈನಿಕರ ಬೈಗುಳ, ತಮಾಷೆ, ಹಸಿವು ಎಲ್ಲವನ್ನೂ ಅವರದೇ ಮಾತಿನಲ್ಲಿ ಕಲಿತಿದ್ದರು. ಅರಬ್ಬಿಯ ಒಂದಕ್ಷರ ಓದಲು ಬಾರದು. ಆದರೆ ಯಾವ ಮುದುಕ ಯಾವ ಕುಲದವನು, ಯಾರು ನಗುತ್ತಾ ಹೇಳುವುದು ಸುಳ್ಳು, ಯಾರು ಬೈಯುತ್ತಾ ಹೇಳುವುದು ನಿಜ, ಇದು ಅವರಿಗೆ ದನಿಯಲ್ಲೇ ತಿಳಿಯುತ್ತಿತ್ತು. ಇಕಾಮಾ ಎಂಬ ವಾಸದ ಪರವಾನಗಿಯಲ್ಲಿ ಮಾತ್ರ ಅವರ ಕೆಲಸ ಚಹಾ ಮಾಡುವುದು ಎಂದಿತ್ತು.

ಮಾರನೆಯ ವಾರದಿಂದ ಅವರು ನನ್ನ ಕೋಣೆಯಲ್ಲಿ ಕೂತರು. ಕುರ್ಚಿ ಕೊಟ್ಟರೆ ಬೇಡವೆಂದು ಒಂದು ಗಿಡ್ಡ ಸ್ಟೂಲು ತಂದುಕೊಂಡರು. ನನಗೂ ರೋಗಿಗೂ ನಡುವೆ ಕೂರಲಿಲ್ಲ, ರೋಗಿಯ ಪಕ್ಕ, ಅವರ ಮೊಣಕಾಲಿನ ಹತ್ತಿರ ಕೂತರು. ಮೊದಲ ದಿನವೇ ನನಗೆ ಕಾನೂನು ಹಾಕಿದರು.

"ಮೊದಲ್ನೇ ಗ್ಲಾಸು ಮುಗಿಯುವವರೆಗೆ ನೀವು ಪ್ರಶ್ನೆ ಕೇಳ್ಬೇಡಿ ಮೇಡಮ್. ಅದಕ್ಕೆ ಎಲ್ಲರೂ ಅಲ್‌ಹಮ್ದುಲಿಲ್ಲಾ ಅಂತಾರೆ. ಮರ್ಯಾದೆಗೆ. ಎರಡ್ನೇ ಗ್ಲಾಸಿಗೆ ಕೇಳಿ."

"ಅಣ್ಣ, ನನಗಿರೋದೇ ಇಪ್ಪತ್ತು ನಿಮಿಷ."

"ಹಾಗಾದ್ರೆ ಚಿಕ್ಕ ಗ್ಲಾಸ್ ತರ್ತೇನೆ."

ತಂದರು ಕೂಡ. ಸಕ್ಕರೆ ಹಾಕದ ಚಹಾ. ಬೇರೆ ಯಾರು ಕೊಟ್ಟರೂ ಮುಖ ಸಿಂಡರಿಸುವ ಮುದುಕರು ಅಣ್ಣ ಕೊಟ್ಟರೆ ಬೈದುಕೊಂಡಾದರೂ ಕುಡಿಯುತ್ತಿದ್ದರು. ನಾನು ಕಂಪ್ಯೂಟರ್ ನೋಡಿಕೊಂಡು ಟೈಪ್ ಮಾಡುತ್ತಿದ್ದರೆ ಅಣ್ಣ ಕೆಮ್ಮುತ್ತಿದ್ದರು. ಅದು ನನಗೆ ಸೂಚನೆ: ಇವರು ಈಗ ಹೇಳುತ್ತಾರೆ, ಮುಖ ನೋಡಿ.

ಹಿರಿಯ ಸೈನಿಕರ ಗುಟ್ಟು ಎರಡನೇ ವಾರ, ಎರಡನೇ ಲೋಟಕ್ಕೆ ಹೊರಬಂತು. ಸೆರೆಯಲ್ಲಿದ್ದಾಗ ನಾಲ್ವರಿಗೆ ಒಂದೇ ರೊಟ್ಟಿ ಸಿಗುತ್ತಿತ್ತಂತೆ. ಇವರೇ ಹರಿದು ಹಂಚುತ್ತಿದ್ದರಂತೆ. ಉಳಿದ ಮೂವರಲ್ಲಿ ಕೊನೆಯವರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅಂದಿನಿಂದ ತಟ್ಟೆಯ ಮುಂದೆ ಕೂತರೆ ಇಡೀ ರೊಟ್ಟಿ ಒಬ್ಬನೇ ತಿನ್ನುವುದು ಹೇಗೆಂದು ತೋಚದೆ ಎದ್ದುಬಿಡುತ್ತಿದ್ದರು. ಉಣ್ಣದೆ ಇನ್ಸುಲಿನ್ ಚುಚ್ಚಿಕೊಂಡು ಎರಡು ಸಲ ತಲೆತಿರುಗಿ ಬಿದ್ದಿದ್ದರು. ಬಿದ್ದೆ ಎಂದು ಮಕ್ಕಳಿಗೆ ಹೇಳಲು ಸೈನಿಕನಿಗೆ ನಾಚಿಕೆ. ಹಾಗಾಗಿ ಚುಚ್ಚಿಕೊಳ್ಳುವುದನ್ನೇ ಬಿಟ್ಟರು. ಇಷ್ಟೇ ವಿಷಯ. ನಾವು ಇದಕ್ಕೆ ಇನ್ಹೇಲರ್ ಕೊಟ್ಟಿದ್ದೆವು.

ಮುಂದೇನು ಮಾಡಬೇಕೆಂದೂ ಅಣ್ಣನೇ ಹೇಳಿದರು. ಗಂಡಸರು ಸೇರಿ ಕೂರುವ ದಿವಾನಿಯಾ ಎಂಬ ಕೋಣೆ ಇಲ್ಲಿನ ಮನೆಗಳಲ್ಲಿರುತ್ತದೆ. ಹಳೆಯ ದಳದವರು ಒಬ್ಬರ ದಿವಾನಿಯಾದಲ್ಲಿ ಮಧ್ಯಾಹ್ನ ಸೇರುತ್ತಾರೆಂದು ಅಣ್ಣನಿಗೆ ಗೊತ್ತಿತ್ತು. "ಅಲ್ಲಿ ಹೋಗಿ ಊಟ ಮಾಡ್ಲಿ. ರೊಟ್ಟಿ ಇವರೇ ಹಂಚ್ಲಿ," ಎಂದರು. ನಾನು ಊಟಕ್ಕೂ ಇನ್ಸುಲಿನ್ನಿಗೂ ಹೊತ್ತು ಹೊಂದಿಸಿ ಬರೆದುಕೊಟ್ಟೆ. ಎರಡು ತಿಂಗಳಲ್ಲಿ ಸಕ್ಕರೆ ಹತೋಟಿಗೆ ಬಂತು. ಕಾಲು ಉಳಿಯಿತು.

ಇಷ್ಟೆಲ್ಲ ಕೇಳಿಸಿಕೊಳ್ಳುತ್ತಿದ್ದ ಮನುಷ್ಯ ಕೋಣೆಯ ಹೊರಗೆ ತುಟಿ ಬಿಚ್ಚುತ್ತಿರಲಿಲ್ಲ. ಒಮ್ಮೆ ಆ ಸೈನಿಕರ ಸಂಬಂಧಿಯೊಬ್ಬ ಕಾರಿಡಾರಿನಲ್ಲಿ ಅಣ್ಣನನ್ನು ಅಡ್ಡಗಟ್ಟಿ, ಒಳಗೆ ನಮ್ಮ ಮಾವ ಏನು ಹೇಳಿದರು ಎಂದು ಕೇಳಿದ. "ಸಕ್ಕರೆ ಬೇಡ ಅಂದರು," ಎಂದು ಹೇಳಿ ಅಣ್ಣ ಕೆಟಲ್ ಸಮೇತ ನಡೆದುಬಿಟ್ಟರು. ಗೌಪ್ಯತೆಯ ಬಗ್ಗೆ ನಮಗೆ ಎರಡು ದಿನದ ಪಾಠ ಮಾಡಿ ಪ್ರಮಾಣಪತ್ರ ಕೊಟ್ಟಿದ್ದರು. ಆ ಪಾಠ ಕೇಳಿದವರೇ ಮಧ್ಯಾಹ್ನದ ಊಟದ ಹೊತ್ತಿಗೆ ರೋಗಿಗಳ ಕಥೆ ಹೇಳಿಕೊಂಡು ನಗುವುದನ್ನು ನಾನು ಕೇಳಿದ್ದೇನೆ.

ಈಗ ಆ ಪುಸ್ತಕದ ಮಾತಿಗೆ ಬರಬೇಕು.

ತರಬೇತಿಗೆ ಬಂದವರು ಪ್ರತಿ ರೋಗಿಯ ಜೊತೆ ಕಳೆದ ಹೊತ್ತನ್ನು ಒಂದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಅದರಲ್ಲಿ ದುಭಾಷಿ ಎಂಬ ಕಲಂ ಇತ್ತು. ಅರ್ಹತೆಯ ಪತ್ರವಿಲ್ಲದ ದುಭಾಷಿಯ ಜೊತೆ ಕಳೆದ ಗಂಟೆಗಳು ತರಬೇತಿಯ ಲೆಕ್ಕಕ್ಕೆ ಸೇರುವುದಿಲ್ಲ. ಗಂಟೆಗಳು ತುಂಬದಿದ್ದರೆ ಪ್ರಮಾಣಪತ್ರವಿಲ್ಲ. ಅಣ್ಣ ಕೂರಲು ಶುರುವಾದ ವಾರವೇ ನಾನು ನಮ್ಮ ತರಬೇತಿಯ ಮುಖ್ಯಸ್ಥೆಯನ್ನು ಕೇಳಿದೆ. ಪರದೇಶದಿಂದ ಬಂದ, ಯಾವಾಗಲೂ ನಗುಮುಖದ ಹೆಂಗಸು.

"ಅವರು ಕೂತರೆ ತುಂಬಾ ಉಪಯೋಗವಾಗುತ್ತಿದೆ. ಕಲಮಿನಲ್ಲಿ ಏನೆಂದು ಬರೆಯಲಿ?"

"ಅವನು ದುಭಾಷಿ ಅಲ್ಲವಲ್ಲ," ಎಂದರು ಅವರು. "ಚಹಾ ಕೊಡುವವನು. ಬಳಸಿಲ್ಲ ಎಂದು ಬರೆ. ಅದು ಸುಳ್ಳೂ ಅಲ್ಲ."

ಅದು ಸುಳ್ಳು. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬರೆದೆ. ದುಭಾಷಿ: ಬಳಸಿಲ್ಲ. ಸಾಲು ಸಾಲಾಗಿ, ಪುಟ ಪುಟಕ್ಕೂ, ಎಂಟು ತಿಂಗಳು. ಅದನ್ನು ನೆನೆದರೆ ಈಗ ನನ್ನ ಮೇಲೇ ಅಸಹ್ಯ ಬರುತ್ತದೆ.

ಏಳನೇ ತಿಂಗಳಿಗೆ ಕ್ಲಿನಿಕ್ಕಿನ ಒಡೆತನದ ಸಂಸ್ಥೆಯಿಂದ ಅತಿಥಿಗಳು ಬಂದರು. ಮುಖ್ಯಸ್ಥೆ ನನ್ನನ್ನು ಮುಂದೆ ನಿಲ್ಲಿಸಿ ಹಿರಿಯ ಸೈನಿಕರ ಪ್ರಕರಣ ಹೇಳಿಸಿದರು. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ನಫ್ಸ್ ಮತ್ತು ನಫಸ್. ನಮ್ಮ ತರಬೇತಿಯ ವಿದ್ಯಾರ್ಥಿನಿ ಸ್ಥಳೀಯ ಭಾಷೆಯ ಸೂಕ್ಷ್ಮವನ್ನು ಗುರುತಿಸಿದ ಬಗೆ! ಚಪ್ಪಾಳೆ ಬಿತ್ತು. ಇದನ್ನು ನೀವು ಹೇಗೆ ಕಂಡುಹಿಡಿದಿರಿ ಎಂದು ಒಬ್ಬರು ಕೇಳಿದರು. ಆಗ ಅವರ ಎಡಗಡೆ ಬಗ್ಗಿ ಚಹಾ ಬಗ್ಗಿಸುತ್ತಿದ್ದವರು ಯಾರು? ಅಣ್ಣ. ಕೆಟಲ್ ಹಿಡಿದ ಕೈ ಒಂದು ಗಳಿಗೆ ನಿಂತಿತು. ನಾನು ಅವರ ಕಡೆ ನೋಡಲಿಲ್ಲ. "ಗಮನವಿಟ್ಟು ಕೇಳಿಸಿಕೊಂಡೆ," ಎಂದೆ.

ಎಲ್ಲರೂ ಹೋದ ಮೇಲೆ ಅಣ್ಣ ಲೋಟ ಒಟ್ಟು ಮಾಡುತ್ತಿದ್ದರು.

"ಚಂದ ಹೇಳಿದ್ರಿ ಮೇಡಮ್. ಆದ್ರೆ ಕೊನೆಗೆ ನಫ್ಸ್‌ಗೆ ಪುನಃ ಒಂದು ಅ ಹಾಕಿದ್ರಿ," ಎಂದರು.

ನಕ್ಕರು. ನಾನೂ ನಕ್ಕೆ. ನಕ್ಕು ಹಗುರ ಮಾಡಿಕೊಂಡೆ.

ಹತ್ತನೇ ತಿಂಗಳಲ್ಲಿ ಅದೇ ಸಂಸ್ಥೆಯಿಂದ ತಪಾಸಣೆಯವರು ಬಂದರು. ಒಬ್ಬಾತ ತಟ್ಟದೆ ನನ್ನ ಕೋಣೆಯ ಬಾಗಿಲು ತೆರೆದ. ಅಣ್ಣ ಸ್ಟೂಲಿನ ಮೇಲೆ ಕೂತು, ರೋಗಿಯೊಬ್ಬರ ಸಕ್ಕರೆ ಬರೆದ ಚೀಟಿ ಕೈಯಲ್ಲಿ ಹಿಡಿದು ಮಾತಾಡುತ್ತಿದ್ದರು. ಕೊರಳಲ್ಲಿ ಚಹಾ ಕೆಲಸಗಾರನ ಗುರುತು ಚೀಟಿ. ಆತ ಬಾಗಿಲು ಮುಚ್ಚಿಕೊಂಡು ಹೋದ. ಮಾರನೆಯ ದಿನ ಬೆಳಿಗ್ಗೆ ನಮ್ಮಿಬ್ಬರಿಗೂ ಆಡಳಿತಾಧಿಕಾರಿಯ ಕೋಣೆಯಿಂದ ಕರೆ ಬಂತು. ಮುಖ್ಯಸ್ಥೆ ಮೊದಲೇ ಅಲ್ಲಿ ಕೂತಿದ್ದರು. ಮೇಜಿನ ಮೇಲೆ ನನ್ನ ದಾಖಲೆ ಪುಸ್ತಕ ಇತ್ತು.

ರೋಗಿಯ ಕೋಣೆಯಲ್ಲಿ ನಿನಗೇನು ಕೆಲಸ ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದರು. ಅಣ್ಣ ಹೆದರಲಿಲ್ಲ.

"ಎಂಟು ತಿಂಗಳಿಂದ ಮೇಡಮ್‌ಗೆ ಅರಬ್ಬಿ ಹೇಳ್ತಾ ಇರುವುದು ನಾನೇ ಸಾಬ್," ಎಂದು ಅವರೂ ಹಿಂದಿಯಲ್ಲೇ ಹೇಳಿದರು.

ಅಧಿಕಾರಿ ಪುಸ್ತಕ ತೆರೆದು ಒಂದೊಂದೇ ಪುಟ ತಿರುವಿ ತೋರಿಸಿದರು. ಬಳಸಿಲ್ಲ. ಬಳಸಿಲ್ಲ. ಬಳಸಿಲ್ಲ. "ಇಲ್ಲಿ ಹಾಗೆ ಬರೆದಿಲ್ಲವಲ್ಲ. ಅಂದರೆ ನೀನು ಅನುಮತಿ ಇಲ್ಲದೆ ರೋಗಿಗಳ ಖಾಸಗಿ ವಿಷಯ ಕೇಳುತ್ತಾ ಕೂತಿದ್ದೆ."

ಅಣ್ಣನಿಗೆ ಆ ಇಂಗ್ಲಿಷ್ ಓದಲು ಬರುತ್ತಿತ್ತು. ಬಗ್ಗಿ ಒಂದು ಸಾಲು ಓದಿದರು. ನನ್ನ ಕಡೆ ತಿರುಗಿದರು.

"ಮೇಡಮ್, ನೀವು ಹೇಳಿ."

ಇನ್ನು ಎರಡೇ ತಿಂಗಳು ಉಳಿದಿತ್ತು. ಹೌದು ಎಂದರೆ ಎಂಟು ತಿಂಗಳ ಗಂಟೆಗಳೆಲ್ಲ ಬಿದ್ದುಹೋಗುತ್ತವೆ, ಸುಳ್ಳು ಬರೆದವಳೆಂಬ ಹೆಸರು ಬೇರೆ. ಇಲ್ಲ ಎಂದರೆ ಅವರ ಕೆಲಸ ಹೋಗುತ್ತದೆ. ಕೆಲಸ ಹೋದರೆ ಇಕಾಮಾ ಹೋಗುತ್ತದೆ, ಈ ವಯಸ್ಸಿಗೆ ಇಕಾಮಾ ಕೊಡಿಸುವ ಇನ್ನೊಬ್ಬ ಕಫೀಲ್ ಅವರನ್ನು ತೆಗೆದುಕೊಳ್ಳುವುದಿಲ್ಲ. ಎರಡೂ ನನಗೆ ಚೆನ್ನಾಗಿ ಗೊತ್ತಿತ್ತು. ಮುಖ್ಯಸ್ಥೆ ಕಿಟಕಿಯ ಆಚೆ ನೋಡುತ್ತಿದ್ದರು. ನಗುಮುಖ ಹಾಗೇ ಇತ್ತು.

"ಆಗೊಮ್ಮೆ ಈಗೊಮ್ಮೆ ಸಹಾಯ ಮಾಡಿದ್ದಾರೆ," ಎಂದೆ.

ಪೂರ್ತಿ ಇಲ್ಲ ಎನ್ನುವ ಧೈರ್ಯವೂ ಇಲ್ಲ, ಹೌದು ಎನ್ನುವ ಪ್ರಾಮಾಣಿಕತೆಯೂ ಇಲ್ಲ. ಆಗೊಮ್ಮೆ ಈಗೊಮ್ಮೆ! ಅಣ್ಣ ನನ್ನನ್ನೇ ನೋಡಿದರು. ಆಮೇಲೆ ತುಳುವಿನಲ್ಲಿ, ಯಾರಿಗೂ ಅಲ್ಲದಂತೆ, "ಆವಡ್" ಎಂದರು. ಆಗಲಿ ಎಂದು. ಅಧಿಕಾರಿ ಪುಸ್ತಕ ಮುಚ್ಚಿ "ಖಲಾಸ್" ಎಂದರು.

ಹದಿನೈದು ದಿನದಲ್ಲಿ ಊರಿಗೆ ಹೋಗಬೇಕೆಂದಾಯಿತು. ಹೋಗುವ ಮೊದಲಿನ ಶುಕ್ರವಾರ ನಾನು ಅಬ್ಬಾಸಿಯಾದ ಅವರ ರೂಮಿಗೆ ಹೋದೆ. ಐದು ಜನ ಹಂಚಿಕೊಂಡಿದ್ದ ರೂಮು. ಅಣ್ಣ ಮಂಚದ ಮೇಲೆ ಪೆಟ್ಟಿಗೆ ತೆರೆದಿಟ್ಟು ಬಟ್ಟೆ ಮಡಚುತ್ತಿದ್ದರು. ನನ್ನನ್ನು ಕಂಡು ಉಳಿದವರು ಹೊರಗೆ ಹೋದರು.

"ಕ್ಷಮಿಸಿ ಅಣ್ಣ," ಎಂದೆ. ಅಳು ಬಂತು.

ಸಮಾಧಾನ ಮಾಡುತ್ತಾರೆಂದುಕೊಂಡಿದ್ದೆ. ನಾಚಿಕೆಗೇಡು, ಆದರೂ ಹೇಳುತ್ತೇನೆ, ಹಾಗೆಂದೇ ಹೋಗಿದ್ದೆ. ಅವರು ಮಡಚುತ್ತಿದ್ದ ಅಂಗಿ ಕೆಳಗಿಟ್ಟರು.

"ಇಲ್ಲಿ ಅಳ್ಬೇಡಿ ಮೇಡಮ್. ಅಳ್ಬೇಕಾದ್ದು ಅವತ್ತು. ನೀವು ಈಗ ಬಂದದ್ದು ನಿಮಗೋಸ್ಕರ, ನನಗೋಸ್ಕರ ಅಲ್ಲ. ನಾನು ಮುದುಕ, ಎಂತದಾದ್ರೂ ಮಾಡಿ ಉಣ್ತೇನೆ. ಆದ್ರೆ ಆ ಪುಸ್ತಕ ನೋಡಿದೆ ಅಲ್ವಾ, ಹೊಟ್ಟೆ ಉರಿದುಹೋಯ್ತು. ಬೇರೆ ಯಾರಾದ್ರೂ ಬರೆದಿದ್ರೆ ಬಿಡ್ತಿದ್ದೆ. ನಿಮ್ಮದೇ ಅಕ್ಷರ. ನಾನು ಪಕ್ಕದಲ್ಲೇ ಕೂತಿದ್ದಾಗ ಬರೆದದ್ದು."

ಅವರು ಅಂಗಿಯನ್ನು ಮತ್ತೆ ಕೈಗೆತ್ತಿಕೊಂಡರು.

"ಅದನ್ನು ಸರಿ ಮಾಡಿ. ಅಷ್ಟೇ. ಮತ್ತೆಂತ ಬೇಡ."

ಮಾಡುತ್ತೇನೆ ಎಂದೆ. ಬಾಗಿಲವರೆಗೆ ಅವರು ಬರಲಿಲ್ಲ.

ನಾನು ಮಾಡಿದೆನೇ? ಇಲ್ಲ. ಅವರ ವಿಮಾನ ಹಾರಿತು. ಮುಂದಿನ ವಾರ ಎಂದುಕೊಂಡೆ. ಮುಂದಿನ ವಾರ ಮಗುವಿಗೆ ಜ್ವರ. ಅದರ ಮುಂದಿನ ವಾರ ಮುಖ್ಯಸ್ಥೆ ರಜೆಯಲ್ಲಿದ್ದರು. ಮನುಷ್ಯನಿಗೆ ನೆಪಕ್ಕೆ ಬರವೇ? ಕೊನೆಗೆ ನನ್ನನ್ನು ಎಬ್ಬಿಸಿದವರು ಹಿರಿಯ ಸೈನಿಕರು. ದಿವಾನಿಯಾದ ಗೆಳೆಯರೊಂದಿಗೆ ಊರ ಹೊರಗೆ ಹೋಗಿದ್ದವರು ಒಂದೂವರೆ ತಿಂಗಳ ನಂತರ ತಪಾಸಣೆಗೆ ಬಂದರು. ಕೂತು ಸುತ್ತ ನೋಡಿ, "ರಫೀಕ್ ವೇನ್?" ಎಂದರು. ರಫೀಕ್ ಎಲ್ಲಿ?

ಇಲ್ಲಿ ದುಡಿಯಲು ಬಂದ ನಮ್ಮವರನ್ನೆಲ್ಲ ರಫೀಕ್ ಎಂದೇ ಕರೆಯುವುದು. ಗೆಳೆಯ ಎಂದು ಅರ್ಥ. ಬಹಳ ಜನರ ಬಾಯಲ್ಲಿ ಅದು ಬರೀ ಕೂಗು. ಅವರ ಬಾಯಲ್ಲಿ ಅದು ಅರ್ಥವೇ ಆಗಿತ್ತು. ಊರಿಗೆ ಹೋದರು ಎಂದೆ. ಯಾಕೆಂದರು. ಕಳಿಸಿದರು ಎಂದೆ. ಯಾರು ಕಳಿಸಿದ್ದು ಎಂದರು. ಇಷ್ಟು ಅರಬ್ಬಿ ನನಗೆ ಅಣ್ಣನ ಕೃಪೆಯಿಂದ ಬಂದಿತ್ತು. ಆಡಳಿತದವರು ಎನ್ನಬಹುದಿತ್ತು, ತಪಾಸಣೆಯವರು ಎನ್ನಬಹುದಿತ್ತು. ಆ ಮುಖ ನೋಡಿ ಬಾಯಿಗೆ ಸುಳ್ಳು ಬರಲಿಲ್ಲ.

"ಅನಾ," ಎಂದೆ. ನಾನು.

ಅವರು ಮುಂದಿದ್ದ ಲೋಟವನ್ನು ಮುಟ್ಟದೆ ಎದ್ದು, ನೇರ ಆಡಳಿತಾಧಿಕಾರಿಯ ಕೋಣೆಗೆ ಹೋಗಿ ಇಡೀ ಕ್ಲಿನಿಕ್ಕಿಗೆ ಕೇಳುವ ಹಾಗೆ ಕೂಗಾಡಿದರು. ನಿಮ್ಮ ದೂರನ್ನು ಬರೆದುಕೊಂಡಿದ್ದೇವೆ ಎಂದು ಅವರಿಗೆ ಹೇಳಿ ಕಳಿಸಿದರು. ಮತ್ತೆ ಅವರು ನಮ್ಮ ಕ್ಲಿನಿಕ್ಕಿಗೆ ಕಾಲಿಡಲಿಲ್ಲ.

ಮಾರನೆಯ ದಿನ ನಾನು ಪುಸ್ತಕ ಕೇಳಿ ತೆಗೆದುಕೊಂಡು ಕೂತೆ. 'ಬಳಸಿಲ್ಲ' ಎಂದಿದ್ದಲ್ಲೆಲ್ಲ ಗೆರೆ ಎಳೆದು, ಪಕ್ಕದಲ್ಲಿ ಅವರ ಹೆಸರು ಬರೆದು, 'ಇವರೇ ದುಭಾಷಿ' ಎಂದು ಸಹಿ ಮಾಡಿದೆ. ಮೂರು ದಿನ ಹಿಡಿಯಿತು. ಮುಖ್ಯಸ್ಥೆಗೆ ಮೊದಲ ಸಲ ನಗು ಮರೆತುಹೋಯಿತು. "ನಾನು ಹೇಳಿದ್ದೆ ಎಂದು ಎಲ್ಲಾದರೂ ಬರೆದಿದ್ದೀಯಾ?" ಎಂದು ಕೇಳಿದರು. ಕೇಳಿದ್ದು ಅದೊಂದೇ! ಬರೆದಿದ್ದೇನೆ ಎಂದೆ. ನನ್ನ ಆ ಎಂಟು ತಿಂಗಳು ರದ್ದಾಯಿತು, ಮೊದಲಿನಿಂದ ತರಬೇತಿ ಮಾಡಬೇಕೆಂದು ಕಾಗದ ಬಂತು. ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಅಣ್ಣನನ್ನು ಮರಳಿ ಕರೆಸಿ ಎಂದು ನಾನು ಬರೆದ ಅರ್ಜಿಗೆ ಬಂದ ಉತ್ತರ ಒಂದೇ ಸಾಲು: ಆ ಕಡತ ಮುಗಿದಿದೆ. ಒಬ್ಬನನ್ನು ಹೊರಹಾಕಲು ನನ್ನ ಸುಳ್ಳು ಸಾಕಾಯಿತು. ಒಳಗೆ ತರಲು ನನ್ನ ನಿಜ ಸಾಲಲಿಲ್ಲ. ಈಗ ಅಲ್ಲಿ ಅರ್ಹತೆಯ ಪತ್ರವಿರುವ ದುಭಾಷಿಯನ್ನು ನೇಮಿಸಿದ್ದಾರೆ, ಬಾಗಿಲ ಮೇಲೆ ಹೆಸರಿನ ಫಲಕ ಕೂಡ ಇದೆ. ಆ ಕೆಲಸ ಬೇಕೇ ಬೇಕು ಎಂದು ತೋರಿಸಿಕೊಟ್ಟವರು ಯಾರೆಂದು ಆ ಫಲಕ ಹಾಕಿದವರಿಗೆ ಗೊತ್ತಿಲ್ಲ.

ತಿದ್ದಿದ ಒಂದು ಪುಟದ ಫೋಟೋ ತೆಗೆದು ಅಣ್ಣನ ಫೋನಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಅವರದೇ ನಂಬರಿನಿಂದ ಫೋನು ಬಂತು. ಅವರ ಮಗಳು. "ಅಪ್ಪ ಹೋದ್ರು ಅಕ್ಕ. ಎದೆನೋವು ಅಂದ್ರು, ಆಸ್ಪತ್ರೆಗೆ ಮುಟ್ಲಿಕ್ಕೆ ಆಗ್ಲಿಲ್ಲ. ಫೋನಲ್ಲಿ ಇದ್ದವರಿಗೆಲ್ಲ ಹೇಳ್ತಾ ಇದ್ದೇನೆ," ಎಂದಳು.

ಏನು ಹೇಳಬೇಕೋ ಹೇಳಿದೆ. ಆಮೇಲೆ, ಕೇಳಬಾರದ ಹೊತ್ತಿನಲ್ಲಿ, ತಡೆಯಲಾಗದೆ ಕೇಳಿದೆ. "ನಾನೊಂದು ಫೋಟೋ ಕಳಿಸಿದ್ದೆ. ಅಪ್ಪ ನೋಡಿದ್ರಾ?"

"ನೋಡಿದ್ರು ಅಕ್ಕ. ಕನ್ನಡಕ ಒರೆಸಿ ಒರೆಸಿ, ದೊಡ್ಡ ಮಾಡಿ ಮಾಡಿ ನೋಡಿದ್ರು."

"ಏನಂದ್ರು?"

"ಹೆಸರು ತಪ್ಪು ಬರೆದಿದ್ದಾರೆ ಅಂದ್ರು. ಮತ್ತೆಂತ ಹೇಳ್ಲಿಲ್ಲ. ಫೋನ್ ಬದಿಗಿಟ್ಟು ಊಟಕ್ಕೆ ಕೂತ್ರು."

ಕಚೇರಿಯ ಪಟ್ಟಿ ನೋಡಿ ಬರೆದಿದ್ದೆ. ಯಾವನೋ ಗುಮಾಸ್ತ ಯಾವತ್ತೋ ತಪ್ಪಾಗಿ ಬರೆದದ್ದನ್ನು ನಾನೂ ಹಾಗೇ ಇಳಿಸಿಕೊಂಡಿದ್ದೆ. ಎಂಟು ತಿಂಗಳು ಪಕ್ಕದಲ್ಲಿ ಕೂತಿದ್ದವರನ್ನು ನಿಮ್ಮ ಹೆಸರೇನು ಎಂದು ಒಂದು ದಿನವೂ ಕೇಳಿರಲಿಲ್ಲ. ಮಗಳನ್ನು ಕೇಳಿದೆ. ಅವಳು ಅಳುತ್ತಳುತ್ತಲೇ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು, ನಾನು ಬರೆದುಕೊಂಡೆ.

ಮಾರನೆಯ ದಿನ ಮತ್ತೆ ಪುಸ್ತಕ ಕೇಳಿದೆ. ರದ್ದಾದ ಪುಟಗಳನ್ನು ಇನ್ನೊಮ್ಮೆ ಯಾಕೆ ತಿದ್ದುತ್ತೀಯ, ಇದರಿಂದ ಆ ಮನುಷ್ಯನಿಗೆ ಏನಾದರೂ ಪ್ರಯೋಜನ ಉಂಟೇ ಎಂದು ಮುಖ್ಯಸ್ಥೆ ಕೇಳಿದರು.

"ಏನೂ ಇಲ್ಲ," ಎಂದು ಹೇಳಿ ಮೊದಲ ಪುಟ ತೆರೆದೆ.